ಇದ್ದತ್‌ನಲ್ಲಿ ಕೆಲಸಕ್ಕೆ ಹೋಗಬಹುದಾ?

ಪ್ರಶ್ನೆ: ನನಗೆ 29 ವರ್ಷ. ಕಲಬುರಗಿಯ ಖಾಸಗಿ ಶಾಲೆಯಲ್ಲಿ ಟೀಚರ್. ಹೋದ ತಿಂಗಳು ಗಂಡ ಒಂದು ಸಲ ತಲಾಕ್ ಹೇಳಿ ತವರಿಗೆ ಕಳಿಸಿದರು. ಖರ್ಚಿಗೆ ಏನೂ ಕೊಟ್ಟಿಲ್ಲ. ಇದ್ದತ್ (ತಲಾಕ್ ಅಥವಾ ಗಂಡನ ಸಾವಿನ ನಂತರ ಹೆಣ್ಣು ಮರುಮದುವೆಯಾಗದೆ ಕಾಯುವ ಅವಧಿ) ಅಂತ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟಬಾರದು ಅಂತಾರೆ ಫುಫು (ಸೋದರತ್ತೆ). ಅಣ್ಣ ಆಗಲೇ ಬೀದರಿನ ಸಂಬಂಧ ನೋಡಿದ್ದಾನೆ. ರಜೆ ಹಾಕಿದರೆ ಕೆಲಸ ಹೋಗುತ್ತದೆ. ಏನು ಮಾಡಲಿ?

ತಂಗಿ, ನಾಲ್ಕು ತಿಂಗಳು ಹತ್ತು ದಿನ ಅನ್ನೋದು ಗಂಡ ತೀರಿಕೊಂಡವರಿಗೆ. ತಲಾಕ್ ಆದವರಿಗೆ ಮೂರು ಮುಟ್ಟು. ಮುಟ್ಟು ನಿಂತವರಿಗೆ ಮೂರು ತಿಂಗಳು, ಬಸುರಿಯಾದರೆ ಹೆರಿಗೆಯವರೆಗೆ. ತಲಾಕ್ ಹೇಳಿದ ದಿನದಿಂದಲೇ ಎಣಿಕೆ ಶುರು.

ನಿಮ್ಮ ಪತ್ರ ಓದಿ ನನಗೆ ಜಾಸ್ತಿ ಸಂಕಟವಾಗಿದ್ದು ಖರ್ಚಿನ ಮಾತಿಗೆ. ಇದ್ದತ್ ಅಂದರೆ ಎಲ್ಲರೂ ಹೆಣ್ಣಿಗೇ ಬುದ್ಧಿ ಹೇಳುತ್ತಾರೆ. ಕುರ್‌ಆನ್‌ನ 65ನೇ ಅಧ್ಯಾಯ ಗಂಡಸರಿಗೂ ಹೇಳುತ್ತದಲ್ವಾ? ತಲಾಕ್ ಕೊಟ್ಟ ಹೆಂಡತಿಯರನ್ನು ಮನೆಯಿಂದ ಹೊರಹಾಕಬೇಡಿ, ನೀವಿರುವಲ್ಲೇ ಇರಿಸಿ ಅಂತ. ನಿಮ್ಮನ್ನು ತವರಿಗೆ ಅಟ್ಟಿದ್ದೇ ತಪ್ಪು. ಈ ದಿನಗಳ ಊಟ, ವಸತಿ ನಿಮ್ಮ ಗಂಡನ ಹೊಣೆ. ಫುಫು ಅದನ್ನೂ ಅವರ ಮನೆಗೆ ಹೋಗಿ ಹೇಳಲಿ.

ಹೊರಗೆ ಹೋಗುವ ವಿಷಯದಲ್ಲಿ ಹನಫಿ ಪದ್ಧತಿ (ಇಸ್ಲಾಮಿನ ಧರ್ಮನಿಯಮದ ಒಂದು ಪಂಥ) ಬಿಗಿ, ನಿಜ. ಆದರೂ ಹೊಟ್ಟೆಪಾಡಿಗೆ ಬೇರೆ ದಾರಿ ಇಲ್ಲದಾಗ ಹಗಲು ಹೋಗಿ ಸಂಜೆ ಮನೆ ಸೇರಲು ಅನೇಕ ಉಲೆಮಾಗಳು (ಧರ್ಮ ವಿದ್ವಾಂಸರು) ಒಪ್ಪುತ್ತಾರೆ. ಸಹೀಹ್ ಮುಸ್ಲಿಮ್ ಎಂಬ ಸಂಗ್ರಹದಲ್ಲಿ ಒಂದು ಹದೀಸ್ (ಪೈಗಂಬರರ ನಡೆನುಡಿಯ ದಾಖಲೆ) ಇದೆ. ಪೈಗಂಬರರ ಸಂಗಾತಿ ಜಾಬಿರ್ ಅವರ ಖಾಲಾ (ತಾಯಿಯ ಸಹೋದರಿ) ತಲಾಕ್ ಆದ ಮೇಲೆ ತಮ್ಮ ಖರ್ಜೂರ ಕೊಯ್ಯಲು ಹೊರಟರು. ಒಬ್ಬರು ತಡೆದರು. ಪೈಗಂಬರರು, ಹೋಗಿ ಕೊಯ್ದುಕೋ, ಅದರಿಂದ ನೀನು ದಾನವನ್ನೂ ಮಾಡಬಹುದು ಅಂದರು. ಕೈಯಲ್ಲಿ ಕಾಸಿಲ್ಲ ಅನ್ನೋದನ್ನು ಮುಚ್ಚಿಡದೆ ಮೌಲಾನಾ ಬಳಿ ಹೇಳಿ, ಕೇಳಿ. ಶಾಲೆ ಮಾತ್ರ ಬಿಡಬೇಡಿ.

ಅಣ್ಣನಿಗೆ ತಡೆಯಲು ಹೇಳಿ. ಒಂದೇ ತಲಾಕ್ ಆಗಿರೋದರಿಂದ ಇದ್ದತ್ ಮುಗಿಯುವವರೆಗೆ ಗಂಡ ನಿಮ್ಮನ್ನು ವಾಪಸ್ ಕರೆಸಿಕೊಳ್ಳಬಹುದು. ಈಗ ಬೇರೆ ಸಂಬಂಧದ ಮಾತೇ ಸಲ್ಲದು. ನಿಮಗೂ ಮನಸ್ಸಿದ್ದರೆ ಎರಡೂ ಕಡೆಯ ಹಿರಿಯರು ಕೂತು ಮಾತಾಡಲು ಇದೇ ಸಮಯ. ಮನಸ್ಸಿಲ್ಲವಾದರೆ ಅದನ್ನೂ ಈಗಲೇ ಹೇಳಿಬಿಡಿ.

ಮೆಹರ್ (ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಲು ಒಪ್ಪಿದ ಹಣ), ತವರಿನವರು ಕೊಟ್ಟ ಒಡವೆ, ಸಾಮಾನು ಕೇಳಲು ನಾಚಬೇಡಿ. ತಲಾಕ್ ಆದ ಮುಸ್ಲಿಂ ಹೆಂಗಸರ ಹಕ್ಕುಗಳ 1986ರ ಕಾಯ್ದೆಯಲ್ಲಿ ಅವು ನಿಮ್ಮ ಹಕ್ಕು. ಮೂರು ತಿಂಗಳ ಖರ್ಚು ಕೊಟ್ಟು ಮುಗಿಸುವ ಹಾಗಿಲ್ಲ. ಮುಂದಿನ ಬದುಕಿಗೂ ಇದ್ದತ್ ಒಳಗೇ ಏರ್ಪಾಡು ಮಾಡಬೇಕು ಅಂತ ಸುಪ್ರೀಂ ಕೋರ್ಟ್ 2001ರಲ್ಲೇ ಡೇನಿಯಲ್ ಲತೀಫಿ ಪ್ರಕರಣದಲ್ಲಿ ಹೇಳಿದೆ. ಎಲ್ಲ ಹೆಂಗಸರಿಗೂ ಇರುವ ಜೀವನಾಂಶದ ಕಾನೂನಿನಲ್ಲೂ ಕೇಳಬಹುದು ಅಂತ 2024ರಲ್ಲಿ ಹೇಳಿತು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ವಕೀಲರು ಉಚಿತ. ನಿಕಾಹ್‌ನಾಮಾದ (ಮದುವೆ ಕರಾರು ಪತ್ರದ) ಪ್ರತಿ ತಗೊಂಡು, ತಲಾಕ್ ಹೇಳಿದ ದಿನಾಂಕ ಬರೆದುಕೊಂಡು ಈ ವಾರವೇ ಹೋಗಿ.