ಹಳೆಯ ಇನೋವಾಗೆ ಕ್ರೋಮ್ ಕ್ಲ್ಯಾಡ್ ಚಕ್ರ ಹಾಕಿಸಬಹುದೇ?

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿ, ಅಮೆರಿಕದ ಕಾರಿನಿಂದ ಬಿಚ್ಚಿ ತಂದ 17 ಇಂಚಿನ ಚಕ್ರ, ಅಸಲಿ ಕ್ರೋಮಿಗಿಂತ ಕಡಿಮೆ ಬೆಲೆ, ಮನೆಯಲ್ಲಿ ಹಳೆಯ ಇನೋವಾ. ನಿಮ್ಮ ಪ್ರಶ್ನೆಯನ್ನು ನಾನೇ ಬರೆದಿದ್ದೇನೋ ಎನ್ನಿಸಿತು. ಕ್ಲ್ಯಾಡ್ ಚಕ್ರದ, ಅಂದರೆ ಮುಖಕ್ಕೆ ಕ್ರೋಮ್ ಮಾಡಿದ ಪ್ಲಾಸ್ಟಿಕ್ ಕವರ್ ಅಂಟಿಸಿದ ಚಕ್ರದ ಲಾಭ ನಷ್ಟ ಹೇಳಿ ಎಂದಿದ್ದೀರಿ. ಹೇಳುತ್ತೇನೆ, ಮೊದಲು ನನಗಾದದ್ದನ್ನು ಕೇಳಿ.

ತಂಗಿಯ ಮದುವೆ ಗೊತ್ತಾಗಿತ್ತು. ನಮ್ಮದು ಬಿಡದಿಯಲ್ಲಿ ತಯಾರಾದ ಮೊದಲ ತಲೆಮಾರಿನ ಇನೋವಾ. ಎಂಜಿನ್ ಗಟ್ಟಿಮುಟ್ಟಾಗಿತ್ತು, ಆದರೆ ಉಕ್ಕಿನ ಚಕ್ರಗಳ ಕವರ್‌ಗಳು ಒಡೆದು, ತಂತಿ ಕಟ್ಟಿ ನಿಲ್ಲಿಸಿದ್ದೆವು. ಮದುವೆ ಮನೆಯ ಮುಂದೆ ಕಾರು ಚೆನ್ನಾಗಿ ಕಾಣಲಿ ಎಂಬ ಆಸೆ. ಇನೋವಾದ ಐದು ಬೋಲ್ಟುಗಳು ಕೂರುವ 114.3 ಮಿಲಿಮೀಟರ್ ವ್ಯಾಸದ ವೃತ್ತಕ್ಕೇ ಹೊಂದುವ ಚಕ್ರಗಳು ಸಿಕ್ಕವು. ಅಂಗಡಿಯವರು ಏನನ್ನೂ ಮುಚ್ಚಿಡಲಿಲ್ಲ. "ಸರ್, ಮೇಲೆ ಹೊಳೆಯುತ್ತಿರುವುದು ಅಂಟಿಸಿದ ಕವರ್. ಹುಷಾರಾಗಿ ನೋಡಿಕೊಳ್ಳಿ" ಎಂದೇ ಕೊಟ್ಟರು.

ನನ್ನ ತಪ್ಪು ಇಲ್ಲಿಂದ ಶುರು. ಆ ಮಾತನ್ನು ನಾನು ಟೈರ್ ಅಂಗಡಿಗೆ ದಾಟಿಸಲಿಲ್ಲ. ಹುಷಾರು ಎಂದರೆ ಗೀರು ಬೀಳದಂತೆ ಒರೆಸುವುದು, ಫುಟ್‌ಪಾತಿಗೆ ತಾಗಿಸದಿರುವುದು ಎಂದಷ್ಟೇ ತಿಳಿದಿದ್ದೆ. ಹೊಸ ಟೈರ್ ಹಾಕಿಸಿ ಬ್ಯಾಲೆನ್ಸಿಂಗ್‌ಗೆ, ಅಂದರೆ ಚಕ್ರದ ತೂಕವನ್ನು ಸುತ್ತಲೂ ಸಮ ಮಾಡಿಸಲು ಕೊಟ್ಟಾಗ ಯಂತ್ರ ಹೊರಗಡೆಗೆ ಇಷ್ಟು ಗ್ರಾಂ ತೂಕ ಬೇಕು ಎಂದು ತೋರಿಸಿತು. ಹುಡುಗ ಉಕ್ಕಿನ ಚಕ್ರಕ್ಕೆ ಹಾಕುವಂತೆಯೇ ಕೊಕ್ಕೆಯ ಸೀಸದ ತುಂಡನ್ನು ಹೊರ ಅಂಚಿಗೆ ಇಟ್ಟು ಸುತ್ತಿಗೆಯಿಂದ ಬಡಿದ. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ.

ಆ ಪೆಟ್ಟು ಏನು ಮಾಡಿತು ಎಂಬುದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಇದನ್ನು ಯಾರೂ ನಿಮಗೆ ಹೇಳುವುದಿಲ್ಲ. ಕ್ಲ್ಯಾಡ್ ಚಕ್ರದಲ್ಲಿ ಒಳಗಿರುವುದು ಅಲ್ಯೂಮಿನಿಯಂ ಚಕ್ರ. ಅದರ ಮುಖದ ಮೇಲೆ ಕ್ರೋಮ್ ಮಾಡಿದ ಎಬಿಎಸ್ ಪ್ಲಾಸ್ಟಿಕ್ಕಿನ ಮುಖವಾಡವನ್ನು ಕಾರ್ಖಾನೆಯಲ್ಲೇ ಶಾಶ್ವತವಾಗಿ ಅಂಟಿಸಿರುತ್ತಾರೆ. ನಡುವೆ ಫೋಮ್ ಅಥವಾ ಗೋಂದು ಇರುತ್ತದೆ, ಅಲ್ಲಲ್ಲಿ ಟೊಳ್ಳೂ ಇರುತ್ತದೆ. ಮುಖವಾಡದ ಅಂಚು ಚಕ್ರದ ಹೊರ ಅಂಚಿನವರೆಗೂ ಬಂದು ಕೂತಿರುತ್ತದೆ. ಕೊಕ್ಕೆ ಹಿಡಿದದ್ದು ಲೋಹವನ್ನಲ್ಲ, ಆ ಪ್ಲಾಸ್ಟಿಕ್ ಅಂಚನ್ನು. ಕೂದಲೆಳೆಯಷ್ಟು ಬಿರುಕು ಬಿಟ್ಟು ಅಂಟು ಅಲ್ಲಿ ಬಾಯಿ ತೆರೆಯಿತು. ಕಣ್ಣಿಗೆ ಏನೂ ಕಾಣಲಿಲ್ಲ. ಮದುವೆಯಲ್ಲಿ ಎಲ್ಲರೂ ಕಾರನ್ನು ಹೊಗಳಿದರು.

ಮಳೆಗಾಲ ಬಂತು. ನೈಸ್ ರಸ್ತೆಯಲ್ಲಿ ವೇಗ ಎಂಬತ್ತು ದಾಟಿದರೆ ಸ್ಟೀರಿಂಗ್ ನಡುಗತೊಡಗಿತು. ಟೈರ್ ಅಂಗಡಿಗೆ ಹೋದೆ, ಮತ್ತೆ ಬ್ಯಾಲೆನ್ಸ್ ಮಾಡಿದರು, ಸರಿಯಾಯಿತು. ನಾಲ್ಕು ದಿನ ಒಳ್ಳೆಯ ಬಿಸಿಲು ಬಿದ್ದ ಮೇಲೆ ಮತ್ತೆ ನಡುಕ. ಮೆಕ್ಯಾನಿಕ್ ಸ್ಟೀರಿಂಗಿನ ಟೈ ರಾಡ್ ಎಂಡ್ ಎಂದರು, ಬದಲಾಯಿಸಿದೆ. ಸಸ್ಪೆನ್ಷನ್ನಿನ ಲೋಯರ್ ಆರ್ಮ್ ಬುಷ್ ಎಂದರು, ಅದನ್ನೂ ಬದಲಾಯಿಸಿದೆ. ಹಂಪು, ಗುಂಡಿಗಳ ಊರಿನಲ್ಲಿ ಅವು ಸವೆಯುವುದು ಸಹಜ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ದುಡ್ಡು ಮಾತ್ರ ಹರಿಯುತ್ತಲೇ ಹೋಯಿತು.

ಕೊನೆಗೆ ಮೈಸೂರು ರಸ್ತೆಯ ಒಬ್ಬ ಹಿರಿಯ ಅಲೈನ್‌ಮೆಂಟ್ ಕೆಲಸಗಾರರು ಮುಂದಿನ ಎಡ ಚಕ್ರವನ್ನು ಬಿಚ್ಚಿ, ಮುಖ ಕೆಳಗಾಗಿ ಮಲಗಿಸಿ ಸ್ವಲ್ಪ ಹೊತ್ತು ಬಿಟ್ಟರು. ಎತ್ತಿದಾಗ ನೆಲ ಒದ್ದೆಯಾಗಿತ್ತು. ಬಿರುಕಿನಿಂದ ಒಳಗೆ ಹೋದ ನೀರು ಫೋಮಿನಲ್ಲಿ, ಟೊಳ್ಳಿನಲ್ಲಿ ನಿಂತಿತ್ತು. ನೀರಿದ್ದಾಗ ಬ್ಯಾಲೆನ್ಸ್ ಮಾಡಿದರೆ ನೀರಿನ ಭಾರಕ್ಕೆ ಎದುರಾಗಿ ಸೀಸ ಕೂರುತ್ತದೆ. ನೀರು ಆರಿತೆಂದರೆ ಆ ಸೀಸವೇ ಹೆಚ್ಚಾಗಿ ಚಕ್ರ ಇನ್ನೊಂದು ಕಡೆಗೆ ತೂಗುತ್ತದೆ. ಪ್ರತಿ ಸಲವೂ ಯಂತ್ರ ಸರಿಯಾಗಿಯೇ ಲೆಕ್ಕ ಹೇಳಿತ್ತು. ಸುಸ್ಥಿತಿಯಲ್ಲಿದ್ದ ಬುಷ್‌ಗಳನ್ನು ನಾನು ಸುಮ್ಮನೆ ಬದಲಾಯಿಸಿದ್ದೆ.

ಆಮೇಲೆ ಕೆಂಗೇರಿಯ ಹತ್ತಿರ ಹಂಪಿನ ಮೇಲೆ ಅದೇ ಚಕ್ರದ ಒಂದು ಕಡ್ಡಿಯ ಕವರ್ ಕಳಚಿ ಬಿತ್ತು. ಒಳಗೆ ಕಂಡದ್ದು ನುಣುಪಿಲ್ಲದ, ಗುಳಿಗುಳಿಯಾದ ಬೂದು ಬಣ್ಣದ ಅಲ್ಯೂಮಿನಿಯಂ. ಅಂದವೆಲ್ಲ ಪ್ಲಾಸ್ಟಿಕ್ಕಿನದೇ ಆಗಿದ್ದರಿಂದ ಪೂರ್ತಿ ಕಿತ್ತು ಬಣ್ಣ ಹೊಡೆಸಿ ಬಳಸುವ ಹಾಗೂ ಇರಲಿಲ್ಲ. ಪೀಣ್ಯದಲ್ಲಿ ಪ್ಲೇಟಿಂಗ್, ಅಂದರೆ ಲೋಹಕ್ಕೆ ನೇರವಾಗಿ ಕ್ರೋಮ್ ಲೇಪ ಮಾಡುವವರಿಗೆ ತೋರಿಸಿದರೆ, ಪ್ಲಾಸ್ಟಿಕ್ ಎಂದು ಗೊತ್ತಾದ ಕೂಡಲೇ ಕೈ ಮುಗಿದರು. ಕವರ್ ಬಿಡಿಯಾಗಿ ಎಲ್ಲೂ ಸಿಗಲಿಲ್ಲ. ಕೊನೆಗೆ ನಾಲ್ಕನ್ನೂ ಗುಜರಿಗೆ ತೂಕಕ್ಕೆ ಹಾಕಿದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಪ್ಲೇಟಿಂಗ್ ಅಸಲಿ, ಕ್ಲ್ಯಾಡ್ ನಕಲಿ ಎಂದು ಹಿಡಿದು ಕೇಳಿದ್ದೀರಿ. ಅದನ್ನು ನಾನು ಒಪ್ಪುವುದಿಲ್ಲ. ಎರಡರ ಮೇಲೂ ಇರುವುದು ನಿಜವಾದ ಕ್ರೋಮಿಯಂ, ಅದೂ ಸಾಮಾನ್ಯವಾಗಿ ಒಂದು ಮೈಕ್ರಾನ್‌ಗಿಂತ ತೆಳುವಾದ ಪದರ. ಕೆಳಗೆ ನಿಕ್ಕಲ್, ತಾಮ್ರ. ಅದರ ಕೆಳಗೆ ಒಂದರಲ್ಲಿ ಲೋಹ, ಇನ್ನೊಂದರಲ್ಲಿ ಪ್ಲಾಸ್ಟಿಕ್. ತುಕ್ಕಿನ ವಿಷಯದಲ್ಲಿ ಗೆಲ್ಲುವುದು ಪ್ಲಾಸ್ಟಿಕ್ಕೇ. ಪ್ಲೇಟಿಂಗ್ ಮಾಡಿದ ಅಲ್ಯೂಮಿನಿಯಂ ಚಕ್ರದಲ್ಲಿ ಕಲ್ಲೇಟಿನಿಂದ ಸಣ್ಣ ತೂತು ಬಿದ್ದರೂ ಸಾಕು, ನೀರು ಇಳಿದು ಒಳಗಿನ ಲೋಹ ತಿಂದುಹೋಗಿ ಪದರ ಗುಳ್ಳೆ ಎದ್ದು ಸಿಪ್ಪೆಯಾಗಿ ಏಳುತ್ತದೆ. ಟೈರ್ ಕೂರುವ ಬೀಡಿನ ಜಾಗದಲ್ಲಿ ಹಾಗೆ ಎದ್ದರೆ ಗಾಳಿ ನಿಧಾನವಾಗಿ ಸೋರುತ್ತದೆ, ಸಿಪ್ಪೆಯ ಅಂಚು ಕೈಯನ್ನೂ ಕೊಯ್ಯುತ್ತದೆ. ಕ್ಲ್ಯಾಡ್‌ನಲ್ಲಿ ಬೀಡಿನ ಜಾಗಕ್ಕೆ ಕ್ರೋಮ್ ಇರುವುದಿಲ್ಲ, ಆದ್ದರಿಂದ ಆ ಕಾಟವೂ ಇಲ್ಲ. ತಯಾರಕರಿಗೆ ಖರ್ಚು ಕಡಿಮೆ, ಒಂದೇ ಚಕ್ರಕ್ಕೆ ಬೇರೆ ಬೇರೆ ಮುಖ ಕೊಡಬಹುದು. ಟೊಯೊಟಾ ಕೂಡ ಅಮೆರಿಕದ ಹೈಲ್ಯಾಂಡರ್‌ಗೆ ‘ಕ್ರೋಮ್‌ಟೆಕ್’ ಎಂಬ ಹೆಸರಿನಲ್ಲಿ ಇಂಥ ಚಕ್ರ ಕೊಟ್ಟಿತ್ತು. ವಸ್ತು ಕೆಟ್ಟದ್ದಲ್ಲ.

ನೀವು ಕೇಳಿಕೊಳ್ಳಬೇಕಾದದ್ದು, ಈ ಚಕ್ರ ಯಾರ ಯಾರ ಕೈಗೆ ಹೋಗುತ್ತದೆ ಎಂದು. ಪಂಕ್ಚರ್ ಅಂಗಡಿಯಲ್ಲಿ ಕಬ್ಬಿಣದ ಸರಳು ಹಾಕಿ ಟೈರ್ ಎಬ್ಬಿಸುತ್ತಾರೆ, ಆ ಸರಳು ಊರುವುದು ಪ್ಲಾಸ್ಟಿಕ್ ಅಂಚಿನ ಮೇಲೆಯೇ. ಕಾರು ತೊಳೆಯುವ ಕಡೆ ಅಲಾಯ್ ಬೆಳ್ಳಗಾಗಲಿ ಎಂದು ಆ್ಯಸಿಡ್ ಬೆರೆತ ದ್ರಾವಣ ಸಿಂಪಡಿಸುತ್ತಾರೆ, ಅದು ಕ್ರೋಮ್ ಪದರವನ್ನು ಮಂಕಾಗಿಸುತ್ತದೆ. ಆಯುಧಪೂಜೆಯ ಹಿಂದಿನ ದಿನವಂತೂ ಪ್ರೆಷರ್ ಪೈಪನ್ನು ಅಂಚಿಗೇ ಹಿಡಿಯುತ್ತಾರೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ತೊಳೆದು ಒರೆಸದೆ ಬಿಟ್ಟರೆ ಬಿಳಿ ಕಲೆ ಕೂರುತ್ತದೆ, ಇದು ಎರಡು ಬಗೆಯ ಕ್ರೋಮಿಗೂ ತಪ್ಪಿದ್ದಲ್ಲ. ಇವರಲ್ಲಿ ಯಾರನ್ನೂ ನಾನು ಬೈಯುವುದಿಲ್ಲ. ಅವರ ಕೈಗೆ ಇಂಥ ಚಕ್ರ ಬರುವುದೇ ಅಪರೂಪ.

ಆದ್ದರಿಂದ ನನ್ನ ಮಾತು ಇಷ್ಟೇ: ಎರಡೂ ಬೇಡ. ಕಂಪನಿಯದೇ ಬೆಳ್ಳಿ ಬಣ್ಣದ ಸಾದಾ ಅಲಾಯ್ ಹಾಕಿಸಿ. ಗೀರು ಬಿದ್ದರೆ ಬಣ್ಣ ಹೊಡೆಸಬಹುದು, ಒಂದು ಹಾಳಾದರೆ ಒಂದನ್ನೇ ಕೊಳ್ಳಬಹುದು. ನಾನು ಈಗ ಓಡಿಸುತ್ತಿರುವುದು ಅದನ್ನೇ.

ಈಗಾಗಲೇ ಮುಂಗಡ ಕೊಟ್ಟುಬಿಟ್ಟಿದ್ದರೆ, ಬಾಕಿ ಹಣ ಕೊಡುವ ಮೊದಲು ಪ್ರತಿ ಚಕ್ರದ ಹೊರ ಅಂಚನ್ನು ಉಗುರಿನಿಂದ ಸುತ್ತಲೂ ತಡವಿ ನೋಡಿ. ಉಗುರು ಸಿಕ್ಕಿಕೊಂಡರೆ ಆ ಚಕ್ರ ಬೇಡ. ಬೆರಳಗೆಣ್ಣಿನಿಂದ ಮುಖವನ್ನು ತಟ್ಟಿ. ಒಂದೇ ಚಕ್ರದಲ್ಲಿ ಒಂದು ಕಡೆಯ ಸದ್ದು ಬೇರೆ ಬಂದರೆ ಅಲ್ಲಿ ಅಂಟು ಬಿಟ್ಟಿರುವ ಸಂಭವ ಹೆಚ್ಚು. ಬ್ಯಾಲೆನ್ಸಿಂಗ್‌ಗೆ ಅಂಟಿಸುವ ತೂಕವನ್ನೇ, ಅದೂ ಚಕ್ರದ ಒಳಮೈಗೆ ಹಾಕಿಸಿ. ಕೊಕ್ಕೆಯ ಸೀಸ ಹೊರ ಅಂಚಿಗೆ ಬೇಡ ಎಂದು ಟೈರ್ ಬಿಚ್ಚುವ ಮೊದಲೇ, ಮಾಲೀಕರಿಗಲ್ಲ, ಕೆಲಸ ಮಾಡುವ ಹುಡುಗನಿಗೇ ಹೇಳಿ. ನಾಲ್ಕರ ಜೊತೆಗೆ ಐದನೆಯದೂ ಇದೆಯೇ ಎಂದು ಅಂಗಡಿಯಲ್ಲಿ ಕೇಳಿ, ಇದ್ದರೆ ಬಿಡಬೇಡಿ. ಆಮೇಲೆ ಅದೇ ಮಾದರಿಯ ಒಂಟಿ ಚಕ್ರ ಈ ಊರಿನಲ್ಲಿ ಸಿಗುವುದು ಬಹಳ ಕಷ್ಟ.