ಜಿಂಕೆ, ಹಂದಿ ಎರಡಕ್ಕೂ ಆಗುವ .44 ಮ್ಯಾಗ್ನಮ್ ಹಾಲೋ ಪಾಯಿಂಟ್ ಯಾವುದು?

ಟೆಕ್ಸಸ್‌ನಲ್ಲಿ ಬೇಟೆಗೆ ಅಂತ .44 ರಿವಾಲ್ವರ್ ಕೊಂಡಿದ್ದೀರಿ, ಸರಿ. ಆದರೆ ಹಾಲೋ ಪಾಯಿಂಟೇ, ಅಂದರೆ ತುದಿಯಲ್ಲಿ ಕುಳಿ ಇದ್ದು ಮೈಗೆ ತಗುಲಿದಾಗ ಅರಳುವ ಬುಲೆಟ್ಟೇ, ಆಗಬೇಕು ಅಂತ ಯಾರು ಹೇಳಿದ್ದು? ನನಗೆ ಹೇಳಿದ್ದು ಅಂಗಡಿಯವನು.

ಟೆಕ್ಸಸ್‌ನ ಲಾನೋ ಊರಿನ ಹತ್ತಿರ ಪರಿಚಯದವರ ರಾಂಚ್. ನನ್ನ ಹತ್ತಿರ ಇದ್ದದ್ದು ಆತ್ಮರಕ್ಷಣೆಗೆ ಅಂತ ಮಾರುವ 180 ಗ್ರೇನ್ (ಗ್ರೇನ್ ಅಂದರೆ ಬುಲೆಟ್ ತೂಕದ ಅಳತೆ) ಹಾಲೋ ಪಾಯಿಂಟ್. ಹಗುರ, ವೇಗ ಜಾಸ್ತಿ, ಕೈಗೆ ಒದೆತ ಕಡಿಮೆ. ಸಂಜೆ ಮೆಸ್ಕೀಟ್ ಪೊದೆಯಿಂದ ದೊಡ್ಡ ಗಂಡು ಹಂದಿ ಈಚೆ ಬಂತು. ಸರಿಯಾಗಿ ಭುಜಕ್ಕೇ ಹೊಡೆದೆ. ಮುಗ್ಗರಿಸಿತು, ಎದ್ದಿತು, ಪೊದೆ ಹೊಕ್ಕಿತು. ಅಲ್ಲೊಂದು ಇಲ್ಲೊಂದು ಹನಿ ರಕ್ತ, ಅಷ್ಟೇ. ಟಾರ್ಚ್ ಹಿಡಿದು ಹುಡುಕಿದರೂ ಸಿಗಲಿಲ್ಲ. ಬೆಳಿಗ್ಗೆ ಸಿಕ್ಕಾಗ ಹೊಟ್ಟೆ ಉಬ್ಬಿತ್ತು, ಮಾಂಸ ಹಾಳಾಗಿತ್ತು. ರಾಂಚ್ ಯಜಮಾನರು ಬೈಯಲಿಲ್ಲ. ಮತ್ತೆ ಕರೆಯಲೂ ಇಲ್ಲ.

ಚರ್ಮ ಬಿಡಿಸಿ ನೋಡಿದೆ. ಬಲಿತ ಗಂಡು ಹಂದಿಯ ಭುಜದ ಮೇಲೆ ಚರ್ಮದಡಿ ಒಂದು ಗಟ್ಟಿ ಪದರ ಇರುತ್ತದೆ. ಇಲ್ಲಿನವರು ಶೀಲ್ಡ್ ಅಂತಾರೆ. ಗಂಡುಗಳು ಕೋರೆಯಲ್ಲಿ ಕಾದಾಡುವಾಗ ಮೈ ಕಾಯೋದು ಅದೇ. ಚಾಕು ಹಾಕಿದರೆ ಹಳೇ ಟೈರ್ ಕೊಯ್ದ ಹಾಗೆ. ಬುಲೆಟ್ಟಿನ ತಾಮ್ರದ ಹೊದಿಕೆ ಸುಲಿದು ಅಲ್ಲೇ ಸಿಕ್ಕಿಕೊಂಡಿತ್ತು. ಸೀಸ ಪುಡಿಯಾಗಿ ಭುಜದ ಮೂಳೆ ಸುತ್ತ ಚೆಲ್ಲಿತ್ತು. ಶ್ವಾಸಕೋಶಕ್ಕೆ ತಲುಪಿದ್ದು ಒಂದು ಸಣ್ಣ ಚೂರು.

ಬುಲೆಟ್ಟಿನದು ತಪ್ಪಿಲ್ಲ, ಇದನ್ನು ಬಿಡಿಸಿ ಹೇಳಲೇಬೇಕು. ಬೇಗ ಅರಳಲಿ, ಆಚೆ ಹೋಗದೆ ಮೈಯೊಳಗೇ ನಿಲ್ಲಲಿ ಅಂತಲೇ ಅದನ್ನು ಮಾಡಿರೋದು. ಬೇಟೆಗೆ ಬೇಕಾದ್ದು ಉಲ್ಟಾ. ಈ ಕಡೆ ಹೊಕ್ಕು ಆ ಕಡೆ ಬರಬೇಕು. ಆಚೆ ತೂತಿನಿಂದ ರಕ್ತ ಬಿದ್ದರೆ ತಾನೇ ಜಾಡು ಸಿಗೋದು? ಒಂದೇ ತೂತಾದರೆ ಹಂದಿಯ ಕೊಬ್ಬೇ ಅದನ್ನು ಮುಚ್ಚಿಬಿಡುತ್ತದೆ. ಅದೂ ಅಲ್ಲದೆ ರಿವಾಲ್ವರ್‌ಗೆ ರೈಫಲ್ ವೇಗ ಎಲ್ಲಿಂದ ಬರಬೇಕು? .44ರ 240 ಗ್ರೇನ್ ಬುಲೆಟ್ ಹೋಗೋದು ಸೆಕೆಂಡಿಗೆ ಹೆಚ್ಚುಕಡಿಮೆ 1,200ರಿಂದ 1,400 ಅಡಿ. ಜಿಂಕೆ ರೈಫಲ್‌ಗಳಲ್ಲಿ ಸುಮಾರು ಅದರ ಎರಡರಷ್ಟು.

ಹಾಗಾಗಿ 240 ಗ್ರೇನ್‌ಗಿಂತ ಹಗುರದ್ದು ಬೇಡವೇ ಬೇಡ. ಮೂತಿ ಅಗಲವಾಗಿ ಚಪ್ಪಟೆ ಇರುವ ಹಾರ್ಡ್ ಕಾಸ್ಟ್ ತಗೊಳ್ಳಿ, ಅಂದರೆ ತವರ, ಆಂಟಿಮನಿ ಬೆರೆಸಿ ಗಟ್ಟಿ ಮಾಡಿದ ಸೀಸದ್ದು. ಅರಳದಿದ್ದರೆ ಜಿಂಕೆಗೆ ಸಾಲಲ್ಲ ಅಂತ ವಾದ ಮಾಡೋರಿದ್ದಾರೆ. ಅರಳದೇನೇ ಅದರ ಅಗಲ 0.43 ಇಂಚು ಸ್ವಾಮಿ! ಲಾನೋ ಕಡೆಯ ಬಿಳಿಬಾಲದ ಜಿಂಕೆ ಮೈಯಲ್ಲಿ ಚಿಕ್ಕದು. ಎರಡೂ ಶ್ವಾಸಕೋಶ ದಾಟಿದರೆ ಸ್ವಲ್ಪ ದೂರ ಓಡಿ ಬೀಳುತ್ತದೆ. ಹಂದಿಗೆ ಆಗೋದು ಜಿಂಕೆಗೆ ಆಗುತ್ತದೆ, ಜಿಂಕೆಗೆ ಆಗೋದು ಹಂದಿಗೆ ಆಗಲ್ಲ. ಹಾಲೋ ಪಾಯಿಂಟೇ ಬೇಕು ಅನ್ನೋ ಹಟವಿದ್ದರೆ ಹಾರ್ನಡಿ ಕಂಪನಿಯ ಎಕ್ಸ್‌ಟಿಪಿ ಬುಲೆಟ್, 240 ಅಥವಾ 300 ಗ್ರೇನ್. ಸುಮ್ನೆ ಚೂರಾಗಲ್ಲ.

ಹಂದಿಯ ಹೃದಯ ತಗ್ಗಿನಲ್ಲಿ, ಮುಂಗಾಲುಗಳ ನಡುವೆ ಇರುತ್ತದೆ. ಜಿಂಕೆ ಲೆಕ್ಕದಲ್ಲಿ ಭುಜದ ಹಿಂದೆ ಗುರಿ ಇಟ್ಟರೆ ಗುಂಡು ಹೊಟ್ಟೆಗೆ ಬೀಳಬಹುದು. ಹಾರ್ಡ್ ಕಾಸ್ಟ್ ಆರಪಾರ ಹೋಗುವುದರಿಂದ ಹಿಂದೆ ಇನ್ನೊಂದು ಪ್ರಾಣಿ, ಮನೆ, ರಸ್ತೆ ಇಲ್ಲ ಅಂತ ನೋಡಿಯೇ ಹೊಡೆಯಿರಿ.

ನೀವು ಕೇಳಿಲ್ಲ, ಆದರೂ ಹೇಳ್ತೀನಿ. 2019ರ ಸೆಪ್ಟೆಂಬರ್‌ನಿಂದ ಟೆಕ್ಸಸ್‌ನಲ್ಲಿ ಮಾಲೀಕರ ಒಪ್ಪಿಗೆ ಇದ್ದರೆ ಖಾಸಗಿ ಜಮೀನಿನಲ್ಲಿ ಹಂದಿ ಬೇಟೆಗೆ ಲೈಸೆನ್ಸ್ ಬೇಡ. ಅದನ್ನು ನಂಬಿ ನೀವು ಲೈಸೆನ್ಸ್ ಬಿಡಬೇಡಿ. ಎಚ್-1ಬಿ ವೀಸಾದಲ್ಲಿ ಇರುವ ನಮ್ಮಂಥವರಿಗೆ ಬಂದೂಕು ಇಟ್ಟುಕೊಳ್ಳೋಕೆ ಫೆಡರಲ್ ಕಾನೂನು ಕೊಡುವ ವಿನಾಯಿತಿಯೇ ಆ ಬೇಟೆ ಲೈಸೆನ್ಸ್. ಅದರ ಅವಧಿ ಮುಗಿಯುವ ಮುಂಚೆಯೇ ಹೊಸದು ಮಾಡಿಸಿಕೊಳ್ಳಿ.