ಓದುಗರ ಪ್ರಶ್ನೆ: ಲೋಬ್ ನಟ್ಟನಡುವೆ ಇಲ್ಲ, ಏನು ಮಾಡಲಿ?

ಪ್ರಶ್ನೆ: ಹಳೆಯ ಪುಶ್‌ರಾಡ್ ಎಂಜಿನ್ ಒಂದನ್ನು ಪೂರ್ತಿ ಬಿಚ್ಚಿ ಜೋಡಿಸುತ್ತಿದ್ದೇನೆ. ಕ್ಯಾಮ್‌ಶಾಫ್ಟ್ (ಕವಾಟಗಳನ್ನು ತೆರೆಸುವ, ಮೊಟ್ಟೆಯಾಕಾರದ ಲೋಬ್‌ಗಳಿರುವ ದಂಡ) ಹೊಸದು, ಟ್ಯಾಪೆಟ್‌ಗಳೂ (ಬೋರ್ ಎಂಬ ರಂಧ್ರದಲ್ಲಿ ಕೂತು, ಲೋಬ್ ತಳ್ಳಿದಂತೆ ಏರಿಳಿಯುವ ತುಂಡುಗಳು) ಹೊಸವು; ತಳ ಚಪ್ಪಟೆಯಾಗಿರುವ ಮಾದರಿ. ಕ್ಯಾಮ್ ಕೂರಿಸಿ ಟ್ಯಾಪೆಟ್ ಬೋರಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ ಒಂದು ಲೋಬ್ ಕೂಡ ನಡುವೆ ಇಲ್ಲ, ಎಲ್ಲವೂ ಸ್ವಲ್ಪ ಪಕ್ಕಕ್ಕೆ ಸರಿದಿವೆ. ಕ್ಯಾಮ್ ಹಿಂದೆ ಮುಂದೆ ಹೆಚ್ಚು ಸರಿಯದಂತೆ ಹಿಡಿಯುವ ಥ್ರಸ್ಟ್ ಪ್ಲೇಟ್ ಹಿಂದೆ ವಾಷರ್ ಕೊಟ್ಟು ಸರಿಪಡಿಸಲೇ?

ಉತ್ತರ: ಆ ವಾಷರನ್ನು ಡಬ್ಬಿಗೆ ಹಾಕಿ ಮುಚ್ಚಿಬಿಡಿ. ನೀವು ಕಂಡದ್ದು ತಪ್ಪಲ್ಲ, ಬೇಕೆಂದೇ ಮಾಡಿದ್ದು. ಚಪ್ಪಟೆ ಟ್ಯಾಪೆಟ್ ನಿಜಕ್ಕೂ ಚಪ್ಪಟೆಯಲ್ಲ. ಹೊಸ ಟ್ಯಾಪೆಟ್ ಎರಡನ್ನು ತಳಕ್ಕೆ ತಳ ಹಚ್ಚಿ ಹಿಡಿಯಿರಿ, ಸಣ್ಣಗೆ ಓಲಾಡುತ್ತವೆ. ತಳ ಅಷ್ಟು ಉಬ್ಬಿದೆ. ಲೋಬಿನ ಮೈಯೂ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಇಳಿಜಾರು. ಆ ಇಳಿಜಾರು ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಬೆರಳಿಗೆ ತಿಳಿಯದು, ಎರಡೂ ಅಂಚಿನಲ್ಲಿ ಮೈಕ್ರೊಮೀಟರ್ ಹಿಡಿದರೆ ತಿಳಿಯುತ್ತದೆ. ಉಬ್ಬು, ಇಳಿಜಾರು, ಪಕ್ಕಕ್ಕೆ ಸರಿದ ಲೋಬ್ ಮೂರೂ ಕೂಡಿದಾಗ ಟ್ಯಾಪೆಟ್ ಮೇಲೇಳುತ್ತಲೇ ತನ್ನ ಸುತ್ತ ತಾನೇ ತಿರುಗುತ್ತದೆ. ತಿರುಗಿದರೆ ಸವೆತ ತಳದ ತುಂಬಾ ಹಂಚಿಹೋಗುತ್ತದೆ. ತಿರುಗದಿದ್ದರೆ ಒಂದೇ ಗೆರೆಯ ಮೇಲೆ ಲೋಬ್ ಉಜ್ಜಿ ಉಜ್ಜಿ, ಟ್ಯಾಪೆಟ್ ಬಟ್ಟಲಾಗುತ್ತದೆ, ಲೋಬ್ ಮೊಂಡಾಗುತ್ತದೆ.

ಆದ್ದರಿಂದ ನೀವು ಕೇಳಬೇಕಾದದ್ದು ‘ಲೋಬ್ ನಡುವೆ ಇದೆಯೇ’ ಎಂದಲ್ಲ, ‘ಟ್ಯಾಪೆಟ್ ತಿರುಗುತ್ತಿದೆಯೇ’ ಎಂದು. ಅದನ್ನು ನೋಡುವುದು ಸುಲಭ. ತೆಳು ಎಣ್ಣೆ ಸವರಿ ಎಲ್ಲ ಟ್ಯಾಪೆಟ್‌ಗಳನ್ನೂ ಬೋರಿಗೆ ಇಳಿಸಿ. ಗಟ್ಟಿ ಪೇಸ್ಟ್ ಈಗಲೇ ಬೇಡ, ಅದು ಹಿಡಿದುಕೊಂಡು ಸುಳ್ಳು ಹೇಳುತ್ತದೆ. ಪ್ರತಿಯೊಂದರ ತಲೆಯ ಮೇಲೂ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ, ಗೆರೆಗಳೆಲ್ಲ ಒಂದೇ ದಿಕ್ಕಿಗಿರಲಿ. ಟ್ಯಾಪೆಟನ್ನು ಬೆರಳಿನಿಂದ ಹಗುರವಾಗಿ ಒತ್ತಿ ಹಿಡಿದು, ಇನ್ನೊಬ್ಬರಿಂದ ಕ್ಯಾಮನ್ನು ನಿಧಾನವಾಗಿ ಸುತ್ತಿಸಿ. ಲೋಬ್ ಬಂದು ಹೋದಾಗಲೆಲ್ಲ ಗೆರೆ ಗಡಿಯಾರದ ಮುಳ್ಳಿನಂತೆ ಒಂದಿಷ್ಟು ಸರಿಯಬೇಕು. ನಾನು ಇದನ್ನು ಹತ್ತು ಸುತ್ತಾದರೂ ನೋಡುತ್ತೇನೆ. ಎರಡು ಸುತ್ತಿಗೆ ಸಮಾಧಾನಪಟ್ಟು ಕೈ ಒರೆಸಿಕೊಳ್ಳುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಒಂದು ಮಾತ್ರ ಅಲ್ಲಾಡದೆ ನಿಂತಿತೆನ್ನಿ. ಪಕ್ಕದ ಬೋರಿನ ಟ್ಯಾಪೆಟ್ ಜೊತೆ ಅದಲು ಬದಲು ಮಾಡಿ. ಇನ್ನೂ ಓಡದ ಹೊಸ ಟ್ಯಾಪೆಟ್‌ಗಳಾದ್ದರಿಂದ ತೊಂದರೆಯಿಲ್ಲ. ದೋಷ ಟ್ಯಾಪೆಟ್ ಜೊತೆ ಹೋದರೆ ಅದನ್ನು ಬದಲಿಸಿ. ದೋಷ ಅಲ್ಲೇ ಉಳಿದರೆ ಬೋರನ್ನು ನೋಡಿ: ಕೆಳಗಿನ ಅಂಚಿನಲ್ಲಿ ಸುಟ್ಟ ಎಣ್ಣೆಯ ಕಂದು ಪದರವೋ ಲೋಹದ ಸಣ್ಣ ಮುಳ್ಳೋ ಇರಬಹುದು. ಬ್ರಷ್‌ನಿಂದ ತೊಳೆಯಿರಿ, ಎಮರಿ ಹಾಕಿ ಬೋರನ್ನು ಅಗಲಿಸಬೇಡಿ. ಬೋರೂ ಸ್ವಚ್ಛವಿದ್ದರೆ ಆ ಲೋಬಿನ ಇಳಿಜಾರನ್ನೇ ಅಳೆಯಬೇಕು. ಲೋಬಿಗೆ ನೀಲಿ ಬಣ್ಣ ಸವರಿ ಸುತ್ತಿಸಿಯೂ ನೋಡಿ. ಬಣ್ಣ ಅಳಿಸಿದ ಪಟ್ಟಿ ಪಕ್ಕಕ್ಕಿರಬಹುದು, ಅಂಚಿನಿಂದ ಹೊರಗೆ ಜಾರಬಾರದು. ಜಾರಿದರೆ ಮೊದಲು ಕ್ಯಾಮ್ ಹಿಂದೆ ಮುಂದೆ ಎಷ್ಟು ಆಡುತ್ತದೆ ಎಂದು ಡಯಲ್ ಗೇಜ್ ಇಟ್ಟು ನೋಡಿ, ಎಂಜಿನ್ ಕೈಪಿಡಿಯ ಅಳತೆಗೆ ಹೋಲಿಸಿ.

ಕಲಿಯುವ ದಿನಗಳಲ್ಲಿ ನಾನು ಬಿಚ್ಚಿದ ಟ್ಯಾಪೆಟ್‌ಗಳನ್ನೆಲ್ಲ ಸೀಮೆಎಣ್ಣೆಯ ಒಂದೇ ತಟ್ಟೆಗೆ ಸುರಿದು ತೊಳೆದೆ. ಯಾವುದು ಯಾವ ಲೋಬಿನದೆಂದು ಮತ್ತೆ ಗೊತ್ತಾಗಲಿಲ್ಲ, ಕೈಗೆ ಸಿಕ್ಕಂತೆ ಹಾಕಿದೆ. ಸ್ವಲ್ಪ ಕಾಲದಲ್ಲೇ ಎಂಜಿನ್ ಟಿಕ್ ಟಿಕ್ ಎನ್ನತೊಡಗಿತು. ಕವರ್ ತೆಗೆದರೆ ಕವಾಟ ಒತ್ತುವ ಸನ್ನೆಗಳಲ್ಲಿ (ರಾಕರ್) ಒಂದು ಉಳಿದವುಗಳ ಅರ್ಧದಷ್ಟೂ ಏಳುತ್ತಿರಲಿಲ್ಲ. ಹಳೆಯ ಟ್ಯಾಪೆಟ್ ತನ್ನದೇ ಲೋಬಿಗೆ ಮರಳಬೇಕು. ಹೊಸ ಕ್ಯಾಮಿಗೆ ಹಳೆಯ ಟ್ಯಾಪೆಟ್ ಕೂಡದು.

ಕೊನೆಗೆ ಜೋಡಿಸುವಾಗ ಲೋಬಿಗೂ ಟ್ಯಾಪೆಟ್ ತಳಕ್ಕೂ ಮಾಲಿಬ್ಡಿನಮ್ ಪೇಸ್ಟ್ ಹಚ್ಚಿ. ಎಂಜಿನ್ ಹಿಡಿದ ಕೂಡಲೇ ನಿಮಿಷಕ್ಕೆ 2000 ಸುತ್ತಿನ ಆಸುಪಾಸಿಗೆ ಏರಿಸಿ, 20 ನಿಮಿಷ ಅಲ್ಲಿಯೇ ತುಸು ಏರಿಳಿಸುತ್ತಿರಿ. ಲೋಬಿಗೆ ಎಣ್ಣೆ ಸಿಗುವುದು ಹೆಚ್ಚಾಗಿ ಕ್ರ್ಯಾಂಕ್ ಎರಚಿದಾಗ. ಐಡಲ್‌ನಲ್ಲಿ ಬಿಟ್ಟರೆ ಎರಚುವುದೂ ಕಡಿಮೆ, ಸ್ಪ್ರಿಂಗಿನ ಭಾರವೂ ಲೋಬಿನ ಮೂಗಿನ (ತುದಿಯ) ಮೇಲೆ ಹೆಚ್ಚು.

ಪ್ರಶ್ನೆ: ನನ್ನದು ರೋಲರ್ ಟ್ಯಾಪೆಟ್, ತಳದಲ್ಲಿ ಉರುಳೆ ಇರುವ ಮಾದರಿ. ಅದೂ ತಿರುಗಬೇಕೇ?

ಉತ್ತರ: ತಿರುಗಿದರೆ ಕೆಟ್ಟಿತು. ಉರುಳೆ ಲೋಬಿಗೆ ಅಡ್ಡವಾಗಿ ನಿಂತರೆ ಎರಡನ್ನೂ ಕಿತ್ತುಹಾಕುತ್ತದೆ. ಅದಕ್ಕೇ ಜೋಡಿ ಟ್ಯಾಪೆಟ್‌ಗಳನ್ನು ಪಟ್ಟಿಯಿಂದಲೋ ಗೈಡಿನಿಂದಲೋ ಹಿಡಿದಿಟ್ಟಿರುತ್ತಾರೆ. ಆ ಗೈಡ್ ಸಡಿಲವಿಲ್ಲವೆಂದು ಖಚಿತಪಡಿಸಿಕೊಳ್ಳಿ. ನಿಮ್ಮ ಲೋಬ್‌ಗಳಿಗೆ ಇಳಿಜಾರಿಲ್ಲ, ಹಾಗಾಗಿ ಕ್ಯಾಮನ್ನು ಹಿಂದಕ್ಕೆ ಒತ್ತುವ ಬಲವೂ ಇಲ್ಲ. ಥ್ರಸ್ಟ್ ಪ್ಲೇಟ್ ಇಲ್ಲದ ಬ್ಲಾಕ್ ಆದರೆ ಕ್ಯಾಮ್ ಮುಂದೆ ನಡೆಯದಂತೆ ತಡೆಗುಂಡಿ ಬೇಕೇ ಬೇಕು.